ಮೇಯರ್ ಅಭ್ಯರ್ಥಿಯ ಭರವಸೆ, ವಾರ್ಡಿನ ಹಕ್ಕು: ಶಿವಮೊಗ್ಗ ಪಾಲಿಕೆ ಚುನಾವಣೆಗೆ ಮುನ್ನ ತಿಳಿಯಬೇಕಾದದ್ದು

ಶಿವಮೊಗ್ಗ ಮಹಾನಗರ ಪಾಲಿಕೆಗೆ 2018ರ ಆಗಸ್ಟ್ ಕೊನೆಯಲ್ಲಿ ಮತದಾನ ನಡೆದಿತ್ತು. ಆಗ ಆಯ್ಕೆಯಾದ ಪರಿಷತ್ತಿನ ಐದು ವರ್ಷದ ಅವಧಿ 2023ರ ಕೊನೆಯಲ್ಲಿ ಮುಗಿಯಿತು. 2024 ಮತ್ತು 2025, ಎರಡು ಪೂರ್ಣ ವರ್ಷಗಳು ಚುನಾಯಿತ ಪರಿಷತ್ತಿಲ್ಲದೆ ಕಳೆದವು. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಗಡಿ ವಿಸ್ತರಣೆ, ಆಡಳಿತಾಧಿಕಾರಿ ಎಂಬ ಮಾತುಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅವುಗಳ ನಡುವೆಯೇ ಮುಂದಿನ ಮೇಯರ್ ಯಾರು, ಮೇಯರನ್ನು ಜನರೇ ನೇರವಾಗಿ ಆರಿಸಬೇಕೇ ಎಂಬ ಚರ್ಚೆಯೂ ನಡೆಯುತ್ತದೆ. ಮೇಯರ್ ಹುದ್ದೆಯ ಮೇಲೆ ಕಣ್ಣಿಟ್ಟವರು ‘ಜನರ ಬಳಿಗೆ ಪಾಲಿಕೆ’, ‘ಜನರ ಅಭಿಪ್ರಾಯ ಕೇಳಿಯೇ ಕೆಲಸ’ ಎಂಬ ಭರವಸೆ ಕೊಡುತ್ತಾರೆ.

ಈ ಭರವಸೆಗಳಲ್ಲಿ ಯಾವುದು ಮೇಯರ್ ಕೈಯಲ್ಲಿದೆ, ಯಾವುದು ಇಲ್ಲ, ಯಾವುದು ಈಗಾಗಲೇ ಕಾನೂನಿನಲ್ಲಿ ಜನರ ಹಕ್ಕಾಗಿದೆ ಎಂಬುದು ಗೊತ್ತಾಗದಿದ್ದರೆ ಮತದಾರ ತಪ್ಪು ವ್ಯಕ್ತಿಗೆ ತಪ್ಪು ಪ್ರಶ್ನೆ ಕೇಳುತ್ತಾನೆ. ಉತ್ತರ ಎಷ್ಟೇ ಚೆನ್ನಾಗಿದ್ದರೂ ಅದರಿಂದ ಬಡಾವಣೆಗೆ ಪ್ರಯೋಜನವಿಲ್ಲ.

ಮೇಯರ್‌ಗೆ ಮತ ಹಾಕುವವರು ಯಾರು?

ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ ಪ್ರಕಾರ ಮೇಯರ್ ಮತ್ತು ಉಪಮೇಯರನ್ನು ಪರಿಷತ್ತಿನೊಳಗೇ ಆರಿಸಲಾಗುತ್ತದೆ. ಶಿವಮೊಗ್ಗದ 35 ವಾರ್ಡ್‌ಗಳಿಂದ ಬಂದ ಕಾರ್ಪೊರೇಟರ್‌ಗಳ ಜೊತೆಗೆ ನಗರವನ್ನು ಪ್ರತಿನಿಧಿಸುವ ಶಾಸಕರು, ಸಂಸದರು, ಇಲ್ಲಿನ ಮತದಾರರಾಗಿರುವ ವಿಧಾನ ಪರಿಷತ್ ಸದಸ್ಯರು ಕೂಡ ಆ ಚುನಾವಣೆಯಲ್ಲಿ ಮತ ಹಾಕುತ್ತಾರೆ. ಗೋಪಾಳದ ಅಥವಾ ವಿನೋಬನಗರದ ನಿವಾಸಿ ತನ್ನ ವಾರ್ಡಿನ ಕಾರ್ಪೊರೇಟರನ್ನು ಮಾತ್ರ ಆರಿಸುತ್ತಾನೆ. ಹಾಗಾಗಿ ‘ಮೇಯರ್ ಅಭ್ಯರ್ಥಿ’ ಎಂಬ ಹೆಸರು ಮತಪತ್ರದಲ್ಲಿ ಇರುವುದೇ ಇಲ್ಲ. ಪಕ್ಷಗಳು ಒಬ್ಬರನ್ನು ಮುಂದೆ ನಿಲ್ಲಿಸಬಹುದು, ಆದರೆ ಮೇಯರ್ ಸ್ಥಾನ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ರಾಜ್ಯ ಸರ್ಕಾರ ಪ್ರಕಟಿಸುವ ಪಟ್ಟಿ ನಿರ್ಧರಿಸುತ್ತದೆ. ಆ ಪಟ್ಟಿ ಹೊರಬಿದ್ದ ದಿನ ಮುಂದೆ ನಿಂತಿದ್ದವರು ಸ್ಪರ್ಧೆಗೇ ಅರ್ಹರಲ್ಲ ಎಂದಾಗುವುದೂ ಉಂಟು.

ಹುದ್ದೆ ಸಿಕ್ಕ ಮೇಲಿನ ಕಥೆ ಇನ್ನೂ ಬಿಗಿಯಾದದ್ದು. 2018ರ ಪರಿಷತ್ತಿನಲ್ಲಿ ಮೇಯರ್ ಅವಧಿ ಒಂದು ವರ್ಷದ್ದಾಗಿತ್ತು. ಮೊದಲ ಕೆಲವು ತಿಂಗಳು ಕಡತಗಳ ಪರಿಚಯಕ್ಕೆ ಹೋಗುತ್ತವೆ. ಒಂದು ಬಜೆಟ್ ಮಂಡನೆಯಾಗುತ್ತದೆ. ಆ ಬಜೆಟ್ಟಿನ ಕಾಮಗಾರಿಗಳು ಟೆಂಡರ್ ಹಂತ ದಾಟುವ ಹೊತ್ತಿಗೆ ಮುಂದಿನ ಮೇಯರ್ ಯಾರೆಂಬ ಮಾತುಕತೆ ಶುರುವಾಗಿರುತ್ತದೆ. ಆಡಳಿತದ ಕಾರ್ಯಾಂಗದ ಅಧಿಕಾರ ಇರುವುದು ರಾಜ್ಯ ಸರ್ಕಾರ ನೇಮಿಸುವ ಆಯುಕ್ತರ ಬಳಿ. ಮೇಯರ್ ಸಭೆ ನಡೆಸುತ್ತಾರೆ, ನಿರ್ಣಯಕ್ಕೆ ದಾರಿ ಮಾಡುತ್ತಾರೆ, ಅಧಿಕಾರಿಗಳಿಂದ ವಿವರಣೆ ಕೇಳುತ್ತಾರೆ. ಆದರೆ ಕಡತಕ್ಕೆ ಅಂತಿಮ ಸಹಿ ಬೇರೆಯವರದು.

ನಗರದ ಮುಖ್ಯ ಸಂಗತಿಗಳೆಲ್ಲ ಪಾಲಿಕೆಯ ಒಳಗಿವೆಯೇ ಎಂದರೆ ಅದೂ ಇಲ್ಲ. ಬಡಾವಣೆಗಳ ನಕ್ಷೆ ಮತ್ತು ಮಹಾಯೋಜನೆ ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ಜನ ‘ಸೂಡಾ’ ಎಂದು ಕರೆಯುವ ಸಂಸ್ಥೆಯದು. ಕುಡಿಯುವ ನೀರಿನ ದೊಡ್ಡ ಯೋಜನೆಗಳು ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಮೂಲಕ ಬರುತ್ತವೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ನಗರದ ಅತಿ ದೊಡ್ಡ ಹೂಡಿಕೆಗಳು ನಡೆದದ್ದು ಅದಕ್ಕಾಗಿಯೇ ರಚಿಸಿದ ಪ್ರತ್ಯೇಕ ಕಂಪನಿಯ ಮೂಲಕ. ರಸ್ತೆ ಅಗೆದದ್ದು, ಕೇಬಲ್ ನೆಲದಡಿ ಹಾಕಿದ್ದು, ತುಂಗಾ ದಂಡೆಯನ್ನು ಅಭಿವೃದ್ಧಿಪಡಿಸಿದ್ದು ಎಲ್ಲವೂ ಮನೆಯ ಮುಂದೆಯೇ ನಡೆದವು. ಆದರೆ ಅವುಗಳ ತೀರ್ಮಾನ ವಾರ್ಡಿನ ಸಭೆಯಲ್ಲಿ ಆಗಲಿಲ್ಲ. ‘ನಮ್ಮ ಬೀದಿಯನ್ನು ಯಾಕೆ ಎರಡನೇ ಸಲ ಅಗೆಯುತ್ತೀರಿ’ ಎಂದು ಕೇಳಿದ ನಿವಾಸಿಗೆ ಕಾರ್ಪೊರೇಟರ್ ‘ಅದು ನಮ್ಮದಲ್ಲ, ಸ್ಮಾರ್ಟ್ ಸಿಟಿಯವರದು’ ಎಂದರೆ ಅದು ನುಣುಚಿಕೊಳ್ಳುವ ಮಾತು ಎನ್ನುವಂತಿಲ್ಲ. ವ್ಯವಸ್ಥೆಯನ್ನು ಕಟ್ಟಿದ್ದೇ ಹಾಗೆ.

ಅವಧಿ ಮುಗಿದರೂ ಚುನಾವಣೆ ಏಕಿಲ್ಲ?

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಈ ವಿಷಯದಲ್ಲಿ ಸಂದೇಹಕ್ಕೆ ಎಡೆ ಬಿಟ್ಟಿಲ್ಲ. 243ಯು ವಿಧಿಯ ಪ್ರಕಾರ ನಗರ ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಡ್ಡಾಯ ಎಂದೇ ಎತ್ತಿಹಿಡಿಯಿತು. 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ, ವಾರ್ಡ್ ಮರುವಿಂಗಡಣೆ ಅಥವಾ ಹಿಂದುಳಿದ ವರ್ಗಗಳ ಮೀಸಲಾತಿಯ ಲೆಕ್ಕಾಚಾರ ಮುಗಿದಿಲ್ಲ ಎಂಬ ಕಾರಣಕ್ಕೂ ಚುನಾವಣೆ ಮುಂದೂಡುವಂತಿಲ್ಲ ಎಂದಿತು.

ಹಾಗಿದ್ದರೂ ತಡವಾಗುವುದಕ್ಕೆ ಮುಖ್ಯ ಕಾರಣ ಅಧಿಕಾರ ಹಂಚಿಹೋಗಿರುವುದು. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ವಾರ್ಡ್‌ಗಳ ಗಡಿ ಮತ್ತು ಮೀಸಲಾತಿ ಪಟ್ಟಿ ಸಿದ್ಧಪಡಿಸುವುದು ರಾಜ್ಯ ಸರ್ಕಾರ. ಪಟ್ಟಿ ಬರದೆ ಆಯೋಗ ಹೆಜ್ಜೆ ಇಡಲಾಗದು. ಪಟ್ಟಿ ಬಂದರೆ ಅದರ ವಿರುದ್ಧ ಯಾರಾದರೂ ಹೈಕೋರ್ಟ್ ಮೆಟ್ಟಿಲೇರುತ್ತಾರೆ. ಇಲ್ಲಿ ಯಾವುದೇ ಒಂದು ಪಕ್ಷವನ್ನು ದೂರುವುದು ಸತ್ಯಕ್ಕೆ ಹತ್ತಿರವಾಗದು. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಬೆಂಗಳೂರಿನ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಸರ್ಕಾರಗಳು ಬದಲಾದವು, ತಡ ಬದಲಾಗಲಿಲ್ಲ.

ತಡದ ಪರಿಣಾಮ ನಿಧಾನವಾಗಿ ಕಾಣುತ್ತದೆ. ಪರಿಷತ್ತಿನ ಅಧಿಕಾರ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗೆ ಹೋಗುತ್ತದೆ. ಬಜೆಟ್ ಮಂಡನೆಯಾಗುತ್ತದೆ, ಆದರೆ ವಿರೋಧಿಸಿ ಮಾತನಾಡುವ ಸದಸ್ಯರಿಲ್ಲ. ತೆರಿಗೆ, ಶುಲ್ಕಗಳ ನಿರ್ಧಾರವಾಗುತ್ತದೆ, ಆದರೆ ಅದಕ್ಕೆ ಮತದಾರರ ಮುಂದೆ ಉತ್ತರ ಹೇಳಬೇಕಾದವರಿಲ್ಲ. ಚರಂಡಿ ಕಟ್ಟಿಕೊಂಡರೆ ಜನ ಶಾಸಕರ ಕಚೇರಿಗೆ ಹೋಗುತ್ತಾರೆ. ಶಾಸಕರು ಕೆಲಸ ಮಾಡಿಸಿಕೊಟ್ಟರೆ ಅದು ಉಪಕಾರವಾಗುತ್ತದೆ. ಒಂದು ಪೀಳಿಗೆಯ ಯುವ ಮತದಾರರು ವಾರ್ಡಿನ ಪ್ರತಿನಿಧಿ ಎಂಬ ಕಲ್ಪನೆಯಿಲ್ಲದೆಯೇ ಬೆಳೆಯುತ್ತಾರೆ. ಈ ನಷ್ಟ ಯಾವ ಲೆಕ್ಕಪರಿಶೋಧನೆಯಲ್ಲೂ ಕಾಣಿಸುವುದಿಲ್ಲ, ಆದರೆ ಅತಿ ದೊಡ್ಡದು ಇದೇ.

ಹಳ್ಳಿಗೆ 400, ನಗರಕ್ಕೆ 9,200

ಮಲೆನಾಡಿನವರಿಗೆ ಈ ಹೋಲಿಕೆ ಬೇಗ ಮನಸ್ಸಿಗೆ ತಟ್ಟುತ್ತದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಸಾಮಾನ್ಯವಾಗಿ 5,000ದಿಂದ 7,000 ಜನಕ್ಕೆ ಒಂದು ಗ್ರಾಮ ಪಂಚಾಯಿತಿ ಎನ್ನುತ್ತದೆ. ಮನೆಗಳು ಚದುರಿಹೋಗಿರುವ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕೊಡಗಿನಂಥ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕು ಎಂಬ ರಿಯಾಯಿತಿ ಅದರಲ್ಲಿದೆ. ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಬೇಕು.

ಶಿವಮೊಗ್ಗ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 3.22 ಲಕ್ಷ. 35 ವಾರ್ಡ್‌ಗಳಿಗೆ ಹಂಚಿದರೆ ಒಬ್ಬ ಕಾರ್ಪೊರೇಟರ್‌ಗೆ ಸರಾಸರಿ 9,200 ಜನ. ಅಂದರೆ ಹೊಸನಗರ, ತೀರ್ಥಹಳ್ಳಿ ಕಡೆಯ ಚಿಕ್ಕ ಗ್ರಾಮ ಪಂಚಾಯಿತಿಗಳ ಮೂರು ಪಟ್ಟು ಜನಸಂಖ್ಯೆಯನ್ನು ನಗರದಲ್ಲಿ ಒಬ್ಬರೇ ಪ್ರತಿನಿಧಿಸುತ್ತಾರೆ. ಅಲ್ಲಿ ಅಷ್ಟು ಜನಕ್ಕೆ ಇಪ್ಪತ್ತಕ್ಕೂ ಹೆಚ್ಚು ಸದಸ್ಯರಿರುತ್ತಾರೆ. ಗ್ರಾಮ ಸಭೆಗಳು ಎಷ್ಟೋ ಕಡೆ ಕಾಟಾಚಾರಕ್ಕೆ ನಡೆಯುತ್ತವೆ, ಕೋರಂ ಇಲ್ಲದೆ ಮುಂದಕ್ಕೆ ಹೋಗುತ್ತವೆ ಎಂಬುದು ನಿಜ. ಆದರೂ ಫಲಾನುಭವಿಗಳ ಪಟ್ಟಿಯಲ್ಲಿ ತನ್ನ ಹೆಸರೇಕಿಲ್ಲ ಎಂದು ಎದ್ದುನಿಂತು ಕೇಳುವ ಒಂದು ಜಾಗ ಹಳ್ಳಿಯವರಿಗೆ ಇದೆ. ಗಾಡಿಕೊಪ್ಪದಲ್ಲೋ ನವುಲೆಯಲ್ಲೋ ಇರುವ ನಗರವಾಸಿ ಅಂಥ ಜಾಗ ಎಲ್ಲಿದೆ ಎಂದು ಹುಡುಕಬೇಕು.

ಗಡಿ ವಿಸ್ತರಣೆಯ ಚರ್ಚೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸುತ್ತಲಿನ ಪಂಚಾಯಿತಿಗಳು ಪಾಲಿಕೆಗೆ ಸೇರಿದರೆ ಬೀದಿದೀಪ, ಒಳಚರಂಡಿ ಸಿಗಬಹುದು, ತೆರಿಗೆ ಹೆಚ್ಚಬಹುದು ಎಂಬುದಷ್ಟೇ ಚರ್ಚೆಯಾಗುತ್ತದೆ. ಆ ಊರಿನವರು ಅದೇ ದಿನ 400ಕ್ಕೊಬ್ಬ ಸದಸ್ಯನನ್ನೂ ಗ್ರಾಮ ಸಭೆಯನ್ನೂ ಕಳೆದುಕೊಳ್ಳುತ್ತಾರೆ ಎಂಬುದನ್ನು ಯಾರೂ ಎತ್ತುವುದಿಲ್ಲ. ನಗರದಲ್ಲಿ ಅದಕ್ಕೆ ಬದಲಿಯಾಗಿ ಏನನ್ನು ಕೊಡುತ್ತೀರಿ ಎಂಬ ಪ್ರಶ್ನೆ ನ್ಯಾಯವಾದದ್ದು.

ಕಾನೂನಿನಲ್ಲಿರುವ ಬದಲಿ: ವಾರ್ಡ್ ಸಮಿತಿ

ಬದಲಿ ಕಾಗದದ ಮೇಲೆ ಇದೆ. ಸಂವಿಧಾನದ 243ಎಸ್ ವಿಧಿ ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎನ್ನುತ್ತದೆ. ಭದ್ರಾವತಿ, ಸಾಗರದಂಥ ನಗರಸಭೆಗಳಿಗೆ ಸಂವಿಧಾನದ ಈ ಕಡ್ಡಾಯ ತಾಗುವುದಿಲ್ಲ. ಶಿವಮೊಗ್ಗ 2011ರ ಲೆಕ್ಕದಲ್ಲೇ ಆ ಗಡಿಯನ್ನು ಸ್ವಲ್ಪದರಲ್ಲಿ ದಾಟಿದೆ. ರಾಜ್ಯ 2011ರಲ್ಲಿ ಪಾಲಿಕೆಗಳ ಕಾಯ್ದೆಗೆ ತಿದ್ದುಪಡಿ ತಂದು ಪ್ರತಿ ವಾರ್ಡಿಗೂ ಸಮಿತಿ, ಅದರ ಕೆಳಗೆ ಮತಗಟ್ಟೆ ಮಟ್ಟದ ಏರಿಯಾ ಸಭೆ ಎಂಬ ವ್ಯವಸ್ಥೆ ಮಾಡಿತು. 2016ರಲ್ಲಿ ನಿಯಮಗಳು ಬಂದವು.

ಸಮಿತಿಗೆ ಆ ವಾರ್ಡಿನ ಕಾರ್ಪೊರೇಟರೇ ಅಧ್ಯಕ್ಷರು. ಪಾಲಿಕೆ ನಾಮಕರಣ ಮಾಡುವ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳವರು ಇರಬೇಕು. ತಿಂಗಳಿಗೊಮ್ಮೆ ಸೇರಬೇಕು. ವಾರ್ಡಿನ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಕಸ ವಿಲೇವಾರಿ, ನೈರ್ಮಲ್ಯ, ಬೀದಿದೀಪಗಳ ಮೇಲೆ ಕಣ್ಣಿಡುವುದು, ವಾರ್ಡಿಗೆ ಬಂದ ಹಣ ಸರಿಯಾಗಿ ಬಳಕೆಯಾಯಿತೇ ಎಂದು ನೋಡುವುದು ಅದರ ಕೆಲಸ.

ಇದು ಬೇಕೇ ಎನ್ನುವವರು 2019ರ ಆಗಸ್ಟ್ ಅನ್ನು ನೆನೆಯಬಹುದು. ತುಂಗೆ ಉಕ್ಕಿ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ನದಿಯ ಮಟ್ಟ ಅಳೆಯಲು ಗಾಜನೂರಿನಲ್ಲಿ ಅಧಿಕಾರಿಗಳಿದ್ದಾರೆ. ಆದರೆ ಯಾವ ಮೋರಿಯ ಬಾಯಿಯಲ್ಲಿ ಕಟ್ಟಡದ ಅವಶೇಷ ತುಂಬಿದೆ, ಯಾವ ಮನೆಯಲ್ಲಿ ಎದ್ದು ಓಡಲಾಗದ ವೃದ್ಧರಿದ್ದಾರೆ ಎಂಬುದು ಗೊತ್ತಿರುವುದು ಆ ಬೀದಿಯವರಿಗೆ. ಮೇ ತಿಂಗಳಿನ ಒಂದು ವಾರ್ಡ್ ಸಭೆಯಲ್ಲಿ ಆ ಮಾಹಿತಿ ನಡಾವಳಿಗೆ ಸೇರಿ ಎಂಜಿನಿಯರ್ ಮುಂದೆ ಬಂದರೆ, ಮಳೆಗಾಲದಲ್ಲಿ ಉಳಿಯುವುದು ಹಣ ಮಾತ್ರವಲ್ಲ.

ಕಾಯ್ದೆ ಇದ್ದೂ ಸಮಿತಿಗಳು ರಾಜ್ಯದಲ್ಲಿ ತಾವಾಗಿಯೇ ಹುಟ್ಟಲಿಲ್ಲ. ಬೆಂಗಳೂರಿನಲ್ಲಿ ಕಸದ ಸಮಸ್ಯೆಯ ಪ್ರಕರಣದಲ್ಲಿ ಹೈಕೋರ್ಟ್ ಬೆನ್ನುಹತ್ತಿದ ಮೇಲೆ ಅವು ರೂಪ ಪಡೆದವು. ಮಂಗಳೂರಿನಲ್ಲಿಯೂ ನಾಗರಿಕರು ಹೈಕೋರ್ಟಿಗೆ ಹೋದ ನಂತರವೇ ಸಮಿತಿಗಳು ರಚನೆಯಾದವು. ಇದರಿಂದ ತಿಳಿಯುವುದಿಷ್ಟು: ಒತ್ತಾಯಿಸುವವರಿಲ್ಲದ ಊರಿನಲ್ಲಿ ಕಾಯ್ದೆ ಕಪಾಟಿನಲ್ಲೇ ಇರುತ್ತದೆ. ಈಗಂತೂ ಕಾರ್ಪೊರೇಟರ್‌ಗಳೇ ಇಲ್ಲದ್ದರಿಂದ ಸಮಿತಿಗೆ ಕಾಯ್ದೆ ಹೇಳುವ ಅಧ್ಯಕ್ಷರೇ ಇಲ್ಲ. ಚುನಾವಣೆಯ ತಡ ಒಂದಲ್ಲ, ಎರಡು ಹಂತದ ಪ್ರಾತಿನಿಧ್ಯವನ್ನು ಒಟ್ಟಿಗೆ ಇಲ್ಲವಾಗಿಸುತ್ತದೆ.

ಪರಸ್ಪರ ಎದುರಾಗುವ ನಿಲುವುಗಳು

ಜನರ ಪಾಲ್ಗೊಳ್ಳುವಿಕೆಯ ಬಗ್ಗೆ ಪಾಲಿಕೆ ರಾಜಕಾರಣದಲ್ಲಿ ಕೇಳಿಬರುವ ವಾದಗಳಲ್ಲಿ ಹೆಚ್ಚು ಆಕರ್ಷಕವಾದದ್ದು ಮೇಯರ್‌ನ ನೇರ ಆಯ್ಕೆ. ಉತ್ತರಪ್ರದೇಶ, ಮಧ್ಯಪ್ರದೇಶಗಳಲ್ಲಿ ಜನ ನೇರವಾಗಿ ಮೇಯರನ್ನು ಆರಿಸುತ್ತಾರೆ. ಇಡೀ ಊರು ಆರಿಸಿದವರಿಗೆ ಇಡೀ ಊರಿನ ಹೊಣೆ ಇರುತ್ತದೆ, ವರ್ಷಕ್ಕೊಮ್ಮೆ ಕುರ್ಚಿ ಬದಲಾಗದು ಎಂಬುದು ಪರವಾದ ವಾದ, ಅದರಲ್ಲಿ ತಿರುಳಿದೆ. ಆದರೆ ನಮ್ಮಂಥದೇ ಒಂದು ಬೆಟ್ಟದ ಊರಿನ ಅನುಭವ ಎಚ್ಚರಿಸುತ್ತದೆ. 2012ರಲ್ಲಿ ಶಿಮ್ಲಾದಲ್ಲಿ ಮೇಯರ್ ಮತ್ತು ಉಪಮೇಯರ್‌ಗೆ ನೇರ ಚುನಾವಣೆ ನಡೆದು ಎರಡೂ ಸ್ಥಾನ ಸಿಪಿಎಂಗೆ ಸಿಕ್ಕವು. 25 ಸದಸ್ಯರ ಪರಿಷತ್ತಿನಲ್ಲಿ ಆ ಪಕ್ಷಕ್ಕೆ ಇದ್ದದ್ದು ಮೂವರು. ಜನಾದೇಶ ಒಂದು ಕಡೆ, ನಿರ್ಣಯಕ್ಕೆ ಬೇಕಾದ ಬಹುಮತ ಇನ್ನೊಂದು ಕಡೆ. ಮುಂದೆ ಆ ರಾಜ್ಯ ನೇರ ಆಯ್ಕೆಯನ್ನೇ ಕೈಬಿಟ್ಟಿತು. ಕೇರಳದಲ್ಲಿ ಮೇಯರನ್ನು ಕೌನ್ಸಿಲರ್‌ಗಳೇ ಆರಿಸುತ್ತಾರೆ, ಆದರೆ ಐದು ವರ್ಷಕ್ಕೆ. ಅವಧಿ ಭದ್ರವಾಗಲು ನೇರ ಚುನಾವಣೆಯೇ ಬೇಕಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಯಾವುದೇ ಆಗಲಿ, ಇದಕ್ಕೆ ವಿಧಾನಸಭೆಯಲ್ಲಿ ಕಾಯ್ದೆ ತಿದ್ದಬೇಕು. ಶಿವಮೊಗ್ಗದ ಅಭ್ಯರ್ಥಿ ಇದನ್ನು ಭರವಸೆಯಾಗಿ ಕೊಟ್ಟರೆ ತನ್ನದಲ್ಲದ್ದನ್ನು ಕೊಟ್ಟಂತೆ.

ಎರಡನೆಯ ನಿಲುವು ಅಹವಾಲು ಸಭೆಗಳದು. ಮೊಬೈಲ್ ಆ್ಯಪ್, ವಾಟ್ಸ್ಆ್ಯಪ್ ಸಂಖ್ಯೆ, ತಿಂಗಳಿಗೊಂದು ಜನಸ್ಪಂದನ. ಕೆಟ್ಟುಹೋದ ಬೀದಿದೀಪಕ್ಕೆ ಇದು ಒಳ್ಳೆಯ ದಾರಿ, ಬೇಗ ಆಗುತ್ತದೆ. ಆದರೆ ದೀಪಕ್ಕೆ ಹಣ ಇಡಬೇಕೋ ಅಲಂಕಾರಿಕ ವೃತ್ತಕ್ಕೆ ಇಡಬೇಕೋ ಎಂಬ ಆಯ್ಕೆಯಲ್ಲಿ ದೂರು ಕೊಟ್ಟವನಿಗೆ ಪಾಲಿಲ್ಲ. ಬಜೆಟ್ ಪೂರ್ವ ಸಾರ್ವಜನಿಕ ಸಭೆಗಳ ಮಿತಿಯೂ ಇದೇ. ಸಲಹೆ ಬರೆದುಕೊಳ್ಳುತ್ತಾರೆ, ಯಾವ ಸಲಹೆಯನ್ನು ಏಕೆ ಬಿಟ್ಟೆವು ಎಂದು ಮರಳಿ ಹೇಳುವ ಹೊಣೆ ಯಾರಿಗೂ ಇಲ್ಲ.

ಮೂರನೆಯದು ಹಳೆಯ ಕಾರ್ಪೊರೇಟರ್‌ಗಳ ಮಾತು, ಅದನ್ನು ತಳ್ಳಿಹಾಕುವಂತಿಲ್ಲ. ‘ಬೆಳಗ್ಗೆ ಆರಕ್ಕೆ ನೀರು ಬಂದಿಲ್ಲವೆಂದರೆ ಫೋನ್ ಬರುವುದು ನಮಗೆ. ಜನ ಆರಿಸಿದ್ದು ನಮ್ಮನ್ನು. ಹತ್ತು ಜನ ನಾಮಕರಣಗೊಂಡವರು ಯಾರಿಗೆ ಉತ್ತರ ಹೇಳುತ್ತಾರೆ?’ ಎಂಬುದು ಅವರ ಪ್ರಶ್ನೆ. ಅಧಿಕಾರ ಹಂಚಿಹೋಗುತ್ತದೆ ಎಂಬ ಅಂಜಿಕೆಯೂ ಇದರ ಹಿಂದೆ ಇದೆ, ಅದು ಮನುಷ್ಯ ಸಹಜ. ಆದರೆ ವಾದದ ಮುಖ್ಯ ಭಾಗ ಸರಿಯಿದೆ: ನಾಮಕರಣವೇ ಸಮಿತಿಯ ದುರ್ಬಲ ಕೀಲು. ಅದೇ ಹೊತ್ತಿಗೆ, ಸಮಿತಿಯಿಂದ ಹೆಚ್ಚು ಲಾಭವಾಗುವುದೂ ಕಾರ್ಪೊರೇಟರ್‌ಗೇ. ಒಬ್ಬರೇ ಕೇಳಿದರೆ ಮುಂದೆ ನೋಡೋಣ ಎನ್ನುವ ಎಂಜಿನಿಯರ್, ಹನ್ನೊಂದು ಜನರ ಸಹಿಯಿರುವ ನಡಾವಳಿಗೆ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಕಡಿಮೆ ಅಧಿಕಾರದ ಹುದ್ದೆಯಲ್ಲಿರುವವರಿಗೆ ಇದು ಸಣ್ಣ ಬಲವಲ್ಲ.

ಕುರ್ಚಿಯಲ್ಲಿ ಕೂರುವವರು ಯಾರು?

ಸಮಿತಿ ರಚನೆಯಾದ ಮಾತ್ರಕ್ಕೆ ವಾರ್ಡು ಮಾತನಾಡಿತು ಎನ್ನಲಾಗದು. ಸಭೆ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಪಾಲಿಕೆ ಕಚೇರಿಯಲ್ಲಿ ನಡೆದರೆ ಬರುವವರು ನಿವೃತ್ತ ನೌಕರರು ಮತ್ತು ಪಕ್ಷದ ಕಾರ್ಯಕರ್ತರು. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸು, ಆಟೊ ಓಡಿಸುವವರು, ಬಾಡಿಗೆ ಮನೆಯಲ್ಲಿರುವವರು, ಪೌರಕಾರ್ಮಿಕರು ಅಲ್ಲಿರುವುದಿಲ್ಲ. ನಿವಾಸಿಗಳ ಸಂಘ ಇರುವುದು ಸಾಮಾನ್ಯವಾಗಿ ಸ್ವಂತ ಮನೆಗಳ ಬಡಾವಣೆಯಲ್ಲಿ, ಕೊಳೆಗೇರಿಯಲ್ಲಿ ಅಲ್ಲ. ಉದ್ಯಾನಕ್ಕೆ ಬೇಲಿ ಹಾಕುವ ವಿಷಯ ಮೊದಲು ಬಂದು, ಸಾರ್ವಜನಿಕ ನಲ್ಲಿಯ ವಿಷಯ ಬಾರದೇ ಹೋಗುವುದು ಹೀಗೆ. ಅಂದಾಜು ಪಟ್ಟಿಗಳು ಇಂಗ್ಲಿಷ್‌ನಲ್ಲಿದ್ದರೆ ಬಂದವರಿಗೂ ಅರ್ಥವಾಗದು.

ಈ ತೊಂದರೆಗಳಿಗೆ ಮದ್ದಿಲ್ಲವೆಂದಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನವನ್ನು ವ್ಯಾಪಾರಿಗಳೇ ಆರಿಸಿಕೊಂಡ ಪ್ರತಿನಿಧಿಗಳಿಗೆ ಕೊಟ್ಟಿದೆ. ಗಾಂಧಿ ಬಜಾರಿನಲ್ಲಿ ಹೂವು ಮಾರುವವರು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸಬಹುದಾದರೆ, ವಾರ್ಡ್ ಸಮಿತಿಯ ಹೆಸರುಗಳೂ ಏರಿಯಾ ಸಭೆಯಿಂದಲೇ ಬರಲಿ ಎನ್ನುವುದು ಅತಿಯಾದ ಬೇಡಿಕೆಯಲ್ಲ. ಏರಿಯಾ ಸಭೆಯಲ್ಲಿ ಸೂಚಿತವಾದ ಹೆಸರುಗಳನ್ನು ಪರಿಷತ್ತು ಒಪ್ಪಿ ನಾಮಕರಣ ಮಾಡಬಹುದು. ಇದಕ್ಕೆ ಬೇಕಾದದ್ದು ಪರಿಷತ್ತಿನ ಒಂದು ನಿರ್ಣಯ. ಸಭೆಯ ಸಮಯವನ್ನು ಭಾನುವಾರಕ್ಕೋ ಸಂಜೆಗೋ ಇಡುವುದಕ್ಕೆ, ಜಾಗವನ್ನು ವಾರ್ಡಿನ ಸರ್ಕಾರಿ ಶಾಲೆಗೆ ಬದಲಿಸುವುದಕ್ಕೆ, ನಡಾವಳಿಯನ್ನು ಕನ್ನಡದಲ್ಲಿ ಬರೆದು ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸುವುದಕ್ಕೆ ಹೆಚ್ಚು ಹಣವೂ ಬೇಡ.

ಅಭ್ಯರ್ಥಿ ಬಾಗಿಲಿಗೆ ಬಂದಾಗ

ಮೇಯರ್ ಆಗುವವರಲ್ಲಿ ಕೇಳಬೇಕಾದದ್ದನ್ನು ಮತದಾರ ತನ್ನ ವಾರ್ಡಿನ ಅಭ್ಯರ್ಥಿಯಲ್ಲಿ ಕೇಳಬೇಕಾಗುತ್ತದೆ, ಏಕೆಂದರೆ ಮೇಯರ್ ಚುನಾವಣೆಯಲ್ಲಿ ಕೈ ಎತ್ತುವವರು ಅವರೇ. ಪರಿಷತ್ತು ರಚನೆಯಾದ ಮೊದಲ ಸಾಮಾನ್ಯ ಸಭೆಯಲ್ಲಿ ವಾರ್ಡ್ ಸಮಿತಿಗಳ ವಿಷಯವನ್ನು ಕಾರ್ಯಸೂಚಿಗೆ ತರುತ್ತೀರಾ? ಹತ್ತು ಹೆಸರುಗಳನ್ನು ಹೇಗೆ ಆರಿಸುತ್ತೀರಿ? ವಾರ್ಡಿಗೆ ಬರುವ ಅನುದಾನದ ಕಾಮಗಾರಿ ಪಟ್ಟಿಯನ್ನು ಸಮಿತಿಯ ಮುಂದಿಟ್ಟ ಮೇಲೆಯೇ ಕಳುಹಿಸುತ್ತೀರಾ? ಸೂಡಾ, ಜಲಮಂಡಳಿಯ ಎಂಜಿನಿಯರ್‌ಗಳನ್ನು ಆ ಸಭೆಗೆ ಕರೆಸುವಂತೆ ನಿರ್ಣಯ ಮಾಡಿಸುತ್ತೀರಾ? ಇವುಗಳಿಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದು. ಆರು ತಿಂಗಳಲ್ಲಿ ಆಗಿದೆಯೇ ಎಂದು ಯಾರು ಬೇಕಾದರೂ ಪರಿಶೀಲಿಸಬಹುದು. ಮೇಯರ್ ಬದಲಾದರೂ ಈ ನಿರ್ಣಯಗಳು ಉಳಿಯುತ್ತವೆ, ಒಂದು ವರ್ಷದ ಅವಧಿಯ ಸಮಸ್ಯೆಗೆ ಸದ್ಯಕ್ಕಿರುವ ಉತ್ತರವೂ ಇದೇ.

ಅದಕ್ಕೂ ಮೊದಲಿನ ಒಂದು ಅವಕಾಶವನ್ನು ಹೆಚ್ಚಿನವರು ಗಮನಿಸುವುದಿಲ್ಲ. ವಾರ್ಡ್ ಮರುವಿಂಗಡಣೆ ಮತ್ತು ಮೀಸಲಾತಿಯ ಕರಡು ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆ, ಸಲಹೆಗಳಿಗೆ ನಿಗದಿತ ದಿನಗಳ ಗಡುವು ಇರುತ್ತದೆ. ಒಂದೇ ಬಡಾವಣೆಯನ್ನು ಎರಡು ವಾರ್ಡಿಗೆ ಸೀಳಿದ್ದರೆ, ಕಾಲುವೆಯ ಆಚೆಗಿನ ಬೀದಿಯನ್ನು ಸಂಬಂಧವಿಲ್ಲದ ವಾರ್ಡಿಗೆ ಸೇರಿಸಿದ್ದರೆ, ಲಿಖಿತವಾಗಿ ಹೇಳಬೇಕಾದದ್ದು ಆಗಲೇ. ಗಡುವು ಮುಗಿದು ಅಂತಿಮ ಅಧಿಸೂಚನೆ ಹೊರಬಿದ್ದರೆ ಆ ಗಡಿಯೊಳಗೇ ಮುಂದಿನ ಐದು ವರ್ಷದ ಕಾರ್ಪೊರೇಟರ್, ಸಮಿತಿ, ಅನುದಾನ ಎಲ್ಲವೂ ನಡೆಯುತ್ತವೆ.